ಕಣ್ಣಿನ ಬಾಕಿ

ಹೆಸರಿಟ್ಟದ್ದು ನಾನಲ್ಲ.
ಗಾಡಿ ಮಾರಿದವನು ಇಟ್ಟಿದ್ದ: ಡ್ರ್ಯಾಗನ್ ಫಾಸ್ಟ್ ಫುಡ್, ಲಗ್ಗೆರೆ.
ಬದಲಿಸಿದರೆ ಗಿರಾಕಿ ಹೋಗ್ತಾರೆ ಅಂದ.
ಹಾಗಾಗಿ ಬಾಣಲೆ, ಸೌಟು, ಎರಡು ಸಿಲಿಂಡರಿನ ಜೊತೆ
ಅದೂ ನನ್ನ ಪಾಲಿಗೆ ಬಂತು.

ತಗಡಿನ ಬೋರ್ಡು ಬರೆಯಲು ಜಬೀವುಲ್ಲಾ ಸಾಹೇಬರು ಬಂದರು,
ಕಿವಿಯ ಮೇಲೆ ಸೀಸದಕಡ್ಡಿ, ಕೈಯಲ್ಲಿ ಮೂರು ಡಬ್ಬಿ.
ಅಕ್ಷರ ಮುಗಿಸಿ ಕೇಳಿದರು:
ಅಕ್ಕಾ, ಇದು ಹೆಂಗಿರ್ತದೆ?

ಹೆಂಗಿರುತ್ತದೆ?
ಹಾವಿಗಾದರೆ ಹುತ್ತವಿದೆ, ಹಾಲಿದೆ, ವರ್ಷಕ್ಕೊಂದು ಷಷ್ಠಿಯಿದೆ.
ಇದರ ಹೆಸರಲ್ಲಿ ನಮ್ಮ ಬೀದಿಯಲ್ಲಿ
ಒಂದು ಬೈಗುಳವೂ ಇಲ್ಲ.

ಕರುಣಾವತಿ ಟೀಚರು ಪ್ಲೇಟು ಹಿಡಿದೇ ಹೇಳಿದರು,
ಚರ್ಚಿನಲ್ಲಿ ಅದಕ್ಕೆ ಘಟಸರ್ಪ ಅಂತೀವಿ, ಏಳು ತಲೆ.
ಸಾಹೇಬರು ಗೇಣಿನಲ್ಲಿ ತಗಡು ಅಳೆದರು:
ಏಳು ಹಿಡಿಯಲ್ಲ ಟೀಚರ್, ಮತ್ತೆ ತಲೆಗೆ ನೂರಾಗ್ತದೆ.
ನನ್ನ ಲಿಖಿತ್, ಆಗ ಆರು ವರ್ಷ, ಟೀವಿಯಲ್ಲಿ ಕಂಡವನು:
ಅದು ಒಳ್ಳೇದು, ಮಕ್ಕಳನ್ನ ಬೆನ್ನ ಮೇಲೆ ಕೂರಿಸಿಕೊಳ್ಳುತ್ತೆ.
ಗಾರ್ಮೆಂಟ್ಸು ಬಿಟ್ಟು ಬಂದ ತಿಪ್ಪಕ್ಕ ಮಾತ್ರ,
ಚಿನ್ನದ ರಾಶಿಯ ಮೇಲೆ ಮಲಗಿರುತ್ತಂತೆ ಕಣೇ,
ತಾನು ತಿನ್ನಲ್ಲ, ಕೇಳಿದವರಿಗೂ ಕೊಡಲ್ಲ,
ಥೇಟ್ ನಮ್ಮ ಪಿ.ಎಫ್. ಆಫೀಸು.

ಕೊನೆಗೆ ಸಾಹೇಬರು ಮೈಗೆ ಉಡ ಹಿಡಿದರು,
ಚಿಪ್ಪಿಗೆ ಯಶವಂತಪುರದ ಕಟ್ಲಾ ಮೀನು,
ಬಾಯಿಗೆ ಗುಡಿಯ ಕಂಬದ ಯಾಳಿ,
ಮೀಸೆ ಮಾತ್ರ ತೀರಿಕೊಂಡ ತಮ್ಮ ಅಬ್ಬಾನದು.
ಬಾಲ ಎಲ್ಲಿ ನಿಲ್ಲಿಸಬೇಕೋ ತಿಳಿಯದೆ
ಫೋನ್ ನಂಬರಿನ ಕೊನೆಯ ಸೊನ್ನೆಗೆ ಸುತ್ತಿಬಿಟ್ಟರು.

ಕಣ್ಣು ಬಿಡಿಸಲಿಲ್ಲ.
ಬಾಕಿ ಇನ್ನೂರು ಕೊಟ್ಟ ದಿನ, ಎಂದರು.
ದೇವರಿಗೂ ಕಡೇಗೇ ಅಲ್ವಾ ಕಣ್ಣು ತೆರೆಸೋದು?
ಗಣೇಶನ ಸೀಸನ್ನಿಗೆ ಪಾಟರಿ ಟೌನಿನಲ್ಲಿ
ನಾನೇ ಎಷ್ಟು ಸಾವಿರ ತೆರೆಸಿಲ್ಲ!

ಇನ್ನೂರು ಕೂಡಿತು. ಸಾಹೇಬರು ಬರಲಿಲ್ಲ.
ಫ್ಲೆಕ್ಸ್ ಬಂದು ಬ್ರಷ್ಷು ಒಣಗಿತಂತೆ,
ಕೋಲಾರದ ಕಡೆ ಮಗಳ ಮನೆಯಂತೆ, ಯಾರೂ ಸರಿಯಾಗಿ ಹೇಳಲಿಲ್ಲ.
ನೋಟೆರಡನ್ನು ಮಡಚಿ ಸೋಯಾ ಬಾಟಲಿಯ ಕೆಳಗಿಟ್ಟೆ.

ಆಮೇಲೆ ಅದರ ಬಳಗ ಎಲ್ಲೆಲ್ಲೂ ಕಾಣತೊಡಗಿತು.
ದಿನಾ ಹಾಫ್ ಪ್ಲೇಟು ತಿನ್ನುವ ಹುಡುಗನ ಕತ್ತಿಗೆ
ಬೆಂಕಿಯುಗುಳುವ ಹಚ್ಚೆ;
ಅವ್ವನ ವಿಡಿಯೋ ಕಾಲ್ ಬಂದರೆ ಕಾಲರ್ ಎತ್ತಿಕೊಳ್ಳುತ್ತಾನೆ.
ಪಕ್ಕದ ಗಾಡಿಗೆ ಡ್ರ್ಯಾಗನ್ ಹಣ್ಣು ಬಂತು,
ಮೈಯೆಲ್ಲ ಜ್ವಾಲೆ. ಕೊಯ್ದರೆ
ಒಳಗೆ ಬರೀ ಎಳ್ಳು.
ಗೋಬಿಗೆ ಬಣ್ಣ ಹಾಕಬಾರದೆಂದು ಸರ್ಕಾರ ಹೇಳಿದ ಮೇಲೆ
ನನ್ನ ಗಾಡಿಯಲ್ಲಿ ಕೆಂಪಗೆ ಉಳಿದದ್ದು
ಆ ಕುರುಡು ಪ್ರಾಣಿಯ ನಾಲಿಗೆಯೊಂದೇ.

ಹೋದ ಕಾರ್ತಿಕದಲ್ಲಿ ಫುಟ್‌ಪಾತು ತೆರವಿನ ಲಾರಿ ಬಂತು.
ಕೈಕಾಲು ಹಿಡಿದೆ. ಗಾಡಿ ಬಿಟ್ಟರು, ಬೋರ್ಡು ಎತ್ತಿದರು.
ಲಾರಿಯ ಹಿಂದೆ ಅಡ್ಡಡ್ಡ ಮಲಗಿ ಹೋಗುವಾಗ ನೋಡುತ್ತೇನೆ,
ಇಷ್ಟು ವರ್ಷದ ಎಣ್ಣೆ ಸಿಡಿದು ಸಿಡಿದು
ಬಿಳಿ ಗುಂಡಿಯ ನಡುವೆ
ಕಂದು ಬೊಟ್ಟೊಂದು ಕೂತಿದೆ.
ಸೇತುವೆ ದಾಟುವವರೆಗೂ
ನನ್ನನ್ನೇ ನೋಡುತ್ತ ಹೋಯಿತು.

ವಾರ್ಡ್ ಆಫೀಸಿನ ಗುಮಾಸ್ತ ಕನ್ನಡಕ ಸರಿಸಿದ:
ಏನಮ್ಮ ಇದು, ಹಲ್ಲಿನಾ?
ಘಟಸರ್ಪ ಅನ್ನಲೇ, ಉಡ ಅನ್ನಲೇ,
ಸಾಹೇಬರ ಅಬ್ಬಾ ಅನ್ನಲೇ?
ಅಷ್ಟರಲ್ಲಿ ಅವನೇ ಬರೆದುಕೊಂಡ,
ಹಲ್ಲಿ ಚಿತ್ರದ ತಗಡು, ಒಂದು. ದಂಡ, ಐನೂರು.

ಸೋಯಾ ಬಾಟಲಿಯ ಕೆಳಗಿನ ಎರಡಕ್ಕೆ ಮೂರು ಸೇರಿಸಿ ಕೊಟ್ಟೆ.
ಎಣ್ಣೆ ಕುಡಿದ ನೋಟನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದ.
ಹದಿಮೂರಾದ ಲಿಖಿತ್ ಮಾತಿಲ್ಲದೆ
ಅದನ್ನು ಬೆನ್ನಿಗೇರಿಸಿಕೊಂಡ.
ಮೀಸೆ ಮುಟ್ಟಬೇಡವೋ, ಅಂದೆ,
ಬಣ್ಣ ಏಳುತ್ತದೆ.