ಅಲ್ಲಲ್ಲಿ ಅಂದರೆ

ಆ ರಾತ್ರಿ ನಾನು ಕಳಿಸಿದ ಸಂದೇಶ
ಸರಿಯಾಗಿಯೇ ಇತ್ತು. ಈಗಲೂ ಫೈಲಿನಲ್ಲಿದೆ:
‘ಮುಂದಿನ ಇಪ್ಪತ್ನಾಲ್ಕು ಗಂಟೆಗಳಲ್ಲಿ
ಜಿಲ್ಲೆಯ ಅಲ್ಲಲ್ಲಿ ಭಾರಿಯಿಂದ ಅತಿ ಭಾರಿ ಮಳೆ.
ನದಿ ಪಾತ್ರದ ಜನ ಎಚ್ಚರದಿಂದಿರತಕ್ಕದ್ದು.’
ಒಂದು ಕಾಗುಣಿತದ ತಪ್ಪೂ ಇಲ್ಲ.

ಬೆಳಗಿನ ಜಾವ ತುಂಗೆ
ಕುಂಬಾರಗುಂಡಿಯ ಮೂರನೇ ಅಡ್ಡರಸ್ತೆಗೆ ಬಂದಳು.
ಬಾಗಿಲು ತಟ್ಟದೆ ಒಳಗೆ ಹೋದಳು.

ವಾರ ಕಳೆದು ನಾನೂ ಹೋದೆ,
ಕೈಯಲ್ಲಿ ನಮೂನೆ, ಹದಿನೆಂಟು ಪ್ರಶ್ನೆ.
‘ಮುನ್ಸೂಚನೆ ತಲುಪಿತ್ತೇ? ಹೌದು, ಇಲ್ಲ.’
ದರ್ಜಿ ಮೆಹರುನ್ನೀಸಾ
ಕೆಸರು ಮೆತ್ತಿದ ಬ್ಲೌಸ್ ಪೀಸುಗಳ ಹಿಂಡುತ್ತ ಕೇಳಿದಳು:
‘ಅಲ್ಲಲ್ಲಿ ಅಂದರೆ ಎಲ್ಲಿ?’
ನಮೂನೆ ತಿರುವಿ ನೋಡಿದೆ.
ಅದಕ್ಕೊಂದು ಕಾಲಂ ಇರಲಿಲ್ಲ.

ಗಾಜನೂರಿನಿಂದ ಎಪ್ಪತ್ತು ಸಾವಿರ ಕ್ಯೂಸೆಕ್ ಬಿಟ್ಟಿದ್ದರು, ಎಂದೆ.
‘ಅದು ನನ್ನ ಹೊಸಿಲಿಗೆ ಎಷ್ಟು ಮೊಳ?’

ಪಕ್ಕದ ಇಸ್ತ್ರಿ ಅಂಗಡಿಯ ತಿಪ್ಪೇಶಪ್ಪ ನಕ್ಕ:
‘ನಮ್ಮ ಲೆಕ್ಕ ಹೊಳೆಯೊಳಗೇ ನಿಂತೈತೆ ಸ್ವಾಮಿ.
ಮಂಟಪದ ಕಟ್ಟೆ ಮುಳುಗಿದರೆ ಇನ್ನೂ ಚಾ ಕುಡೀಬಹುದು.
ಕಂಬ ಅರ್ಧ ಹೋದರೆ ಮಕ್ಕಳ ಪುಸ್ತಕ ಅಟ್ಟಕ್ಕೆ.
ಚಾವಣಿ ಕಾಣದಿದ್ದರೆ
ಊರೆಲ್ಲ ಸೇತುವೆ ಮೇಲೆ ನಿಂತು ಫೋಟೋ ಹೊಡೀತದೆ,
ನಾವು ಪಾತ್ರೆ ಹೊರ್ತೀವಿ.’

‘ಮತ್ತೆ ಈ ಸಲ ಯಾಕೆ...’
‘ರಾತ್ರಿ. ಕರೆಂಟಿಲ್ಲ. ಮಂಟಪ ಕಾಣಲಿಲ್ಲ.’

ಉಪಗ್ರಹಕ್ಕೆ ಮೋಡ ಕಂಡಿತ್ತು,
ನನಗೆ ಉಪಗ್ರಹ ಕಳಿಸಿದ ಚಿತ್ರ ಕಂಡಿತ್ತು.

ನಮೂನೆ ಮಗುಚಿ ಹಿಂಬದಿಗೆ ಬರೆದುಕೊಂಡೆ:
ಹೊಲಿಗೆ ಮಿಷನ್ ಮೇಜಿಗೆ ಏರಿಸಲು ಇಬ್ಬರು, ಕಾಲು ಗಂಟೆ.
ತಿಪ್ಪೇಶಪ್ಪನ ತಾಯಿ, ಹಾಸಿಗೆ ಹಿಡಿದವರು: ನಾಲ್ವರು, ಒಂದು ಕುರ್ಚಿ.
ಮೇಕೆ ಏಳು (ಹೇಳಿದ ಮಾತು ಕೇಳುವುದಿಲ್ಲ).
ಬೀದಿಗೆಲ್ಲ ಸೇರಿ ಬೇಕಾದ್ದು ಮೂರು ಗಂಟೆ.
ನಾನು ಕೊಟ್ಟದ್ದು ಇಪ್ಪತ್ನಾಲ್ಕು.
ಅದರಲ್ಲಿ ಯಾವ ಮೂರು ಅಂತ ಹೇಳಿರಲಿಲ್ಲ.

ಆಮೇಲಿನದು ಆಫೀಸಿನ ಕಥೆ, ಬೇಡ.
‘ಮಂಟಪವು ಅಳತೆಯ ಮಾನವಲ್ಲ’ ಎಂದು
ಹಸಿರು ಶಾಯಿಯ ಹಿಂಬರಹ ಬಂತು.
ಪೆನ್ಸಿಲಿನಲ್ಲಿ ನನ್ನದೇ ಒಂದು ಪಟ್ಟಿ ಎಳೆದುಕೊಂಡೆ,
ಎಡಕ್ಕೆ ಕ್ಯೂಸೆಕ್, ಬಲಕ್ಕೆ ಕಂಬ.
ಬಲಗಡೆ ತುಂಬಿದವಳು ಮೆಹರುನ್ನೀಸಾ.
ದಿನಾ ಫಜರ್ ನಮಾಜ್ ಮುಗಿಸಿ ಹೊಳೆಯ ಮೆಟ್ಟಿಲಿಗೆ ಹೋಗಿ
‘ಇವತ್ತು ಮೊಣಕಾಲು’ ಎಂದು ಫೋನಿನಲ್ಲಿ ಹೇಳುವಳು,
ಮಂಟಪಕ್ಕೆ ಕಾಲಿದೆ ಎಂಬಂತೆ.

ಪುಷ್ಯದ ಮಳೆಯಲ್ಲೊಮ್ಮೆ
‘ನಾಲ್ಕರೊಳಗೆ ಎತ್ತಿಬಿಡಿ’ ಎಂದೆ.
ಎತ್ತಿದರು. ಮಿಷನ್, ತಾಯಿ, ಏಳೂ ಮೇಕೆ.
ನೀರು ಬರಲಿಲ್ಲ.
ಬೆಳಿಗ್ಗೆ ಬಿಸಿಲು ಬಂತು, ನಾಚಿಕೆಯಿಲ್ಲದೆ.

ಫೋನು ಮಾಡಲು ಧೈರ್ಯ ಸಾಲದೆ ಗಾಡಿ ಹತ್ತಿ ಹೋದೆ.
‘ತಪ್ಪಾಯಿತು. ಮೋಡ ಹೊಸನಗರದ ಕಡೆ ತಿರುಗಿತು,
ಆ ನೀರೆಲ್ಲ ಶರಾವತಿಗೆ.’
ಅವಳು ಏನೂ ಅನ್ನಲಿಲ್ಲ.
ಮಿಷನ್ನಿನ ಇನ್ನೊಂದು ತುದಿ ತೋರಿಸಿದಳು.
ಇಳಿಸಿದೆವು. ಅದೆಷ್ಟು ಭಾರ!
ಒಂಬತ್ತು ವರ್ಷದ ನೌಕರಿಯಲ್ಲಿ
ನನ್ನ ಒಂದು ಮಾತು ಎಷ್ಟು ತೂಗುತ್ತದೆಂದು
ಕೈಯಾರೆ ನೋಡಿದ್ದು ಅವತ್ತೇ.

ತಿಪ್ಪೇಶಪ್ಪ ಮಾತ್ರ ಇಂದಿಗೂ ಬಿಡುವುದಿಲ್ಲ:
‘ಏನ್ ಸ್ವಾಮಿ, ಮೇಕೆ ಎತ್ತಾಣ್ವಾ?’
ಆದರೂ ಆಶ್ಲೇಷದಲ್ಲಿ ಮತ್ತೆ ಫೋನು ಮಾಡಿದಾಗ
ಮೊದಲು ಎದ್ದವನು ಅವನೇ.
ಆ ಸಲ ನೀರು ಬಂತು,
ಖಾಲಿ ನೆಲ ನೋಡಿಕೊಂಡು ಹೋಯಿತು.

ನಿನ್ನೆ ಸಂಜೆ ಮೆಹರುನ್ನೀಸಾಳ ಕರೆ. ಹೊಳೆಯ ಸುದ್ದಿಯಲ್ಲ.
ತಂಗಿಯ ಮಗಳ ನಿಕಾಹ್ ಭಾನುವಾರ, ಬಯಲಲ್ಲಿ ಊಟ.
‘ಮಳೆ ಐತಾ?’
ಶೇಕಡಾ ಐವತ್ತು, ಎಂದೆ.
‘ಅಂದರೆ ಬೀಗರು ನೆನೀತಾರೆ, ನಾವು ನೆನೆಯಲ್ಲ?’
ಶನಿವಾರ ಸಂಜೆ ಸರಿಯಾಗಿ ಹೇಳ್ತೀನಿ, ಎಂದೆ.
‘ಹೇಳು. ತಪ್ಪಿದರೆ
ಶಾಮಿಯಾನದ ಒಂದು ಕಂಬ ನೀನೇ ಹಿಡ್ಕೋಬೇಕು.’