ಇನ್ನೂರೋ ಮುನ್ನೂರೋ

ಧಕ್ಕೆಯಲ್ಲಿ ನನ್ನ ಕೆಲಸ ತೂಕ ಬರೆಯುವುದು.
ಬಂಗುಡೆ, ಬೂತಾಯಿ, ಮದ್ಮಲ್,
ಬುಟ್ಟಿಯ ಭಾರ ಕಳೆದು ಉಳಿದದ್ದು.
ಹಾಗಾಗಿ ಮ್ಯಾಕ್ಸಿಂ ಪೊರ್ಬುಗಳು ಎರಡು ಲೆನ್ಸನ್ನು
ಒಂದು ದಿನದ ಮಟ್ಟಿಗೆ ನಂಬಿ ಕೊಟ್ಟಾಗ
ಮೊದಲು ಮಾಡಿದ್ದು
ತಕ್ಕಡಿಯ ಮೇಲೆ ಹಳೇ ಬೈರಾಸು ಹಾಸಿ
ಒಂದೊಂದಾಗಿ ಮಲಗಿಸಿದ್ದು.

ಇನ್ನೂರು: ಒಂದು ಕಿಲೋ ಇನ್ನೂರ ನಲವತ್ತು.
ಮುನ್ನೂರು: ಒಂದು ಕಿಲೋ ಇನ್ನೂರ ಎಪ್ಪತ್ತು.
ಎರಡೂ ಒಂದು ಹದ ಅಂಜಲಿನಷ್ಟು.
ನಡುವಿನ ಮೂವತ್ತು ಗ್ರಾಂ
ಒಂದು ಮುಷ್ಟಿ ಸಿಗಡಿ ಸಿಪ್ಪೆ.
ನನ್ನ ತಕ್ಕಡಿ ಮೊದಲ ಬಾರಿಗೆ
ಏನೂ ಹೇಳಲಿಲ್ಲ.

ಹಂಪನಕಟ್ಟೆಯ ಸಂದಿಯಲ್ಲಿ, ಕೊಡೆ ರಿಪೇರಿಯ ಮಗ್ಗುಲಲ್ಲಿ
ಪೊರ್ಬುಗಳು ಹೇಳಿದ್ದು ಇಷ್ಟು:
ನಿಮ್ಮ ಕ್ಯಾಮೆರಾದ ಸೆನ್ಸರು ಹೆಬ್ಬೆರಳ ಉಗುರಿನಷ್ಟು.
ಮುನ್ನೂರು ಅದಕ್ಕೆ ಹಾಕಿದರೆ ಆರುನೂರು, ಪುಕ್ಕಟೆ, ಮಾರಾಯ್ರೆ.
ಪುಕ್ಕಟೆ ಎಂದರೆ ಧಕ್ಕೆಯವರು ಕಿವಿರು ಎತ್ತಿ ನೋಡುತ್ತಾರೆ.
ನಾನೂ ಎತ್ತಿದೆ.
ಕಿಟಕಿ ಸಣ್ಣದಾದರೆ ಕಡಲು ಹತ್ತಿರ ಬರುವುದಿಲ್ಲ,
ಸುತ್ತಲಿನದ್ದು ಕಾಣುವುದಿಲ್ಲ, ಅಷ್ಟೆ ಅಲ್ಲವಾ?
ಅವರು ನಕ್ಕರು. ಅಷ್ಟೆ, ಅಂದರು.
ಇನ್ನೂರು ಬಾಯಿ ದೊಡ್ಡದು, ನಸುಕಿಗೂ ಬೆಳಕು ಕುಡಿಯುತ್ತದೆ.
ಎರಡೂ ಜೂಮ್ ಅಲ್ಲ, ನೆನಪಿರಲಿ.
ಅದು ಹೋಗುವುದಿಲ್ಲ,
ನೀವೇ ಹೋಗಬೇಕು.

ಏಪ್ರಿಲ್, ಭಾನುವಾರ, ಮೊದಲ ಫೆರಿ, ಬೆಂಗ್ರೆ.
ಅಳಿವೆಯ ಬಾಯಲ್ಲಿ ಮರಳ ನಾಲಗೆ,
ಅದರ ತುದಿಗೆ ರೀವಗಳು.
ರೀವ ಅನ್ನುವುದು ಪುಸ್ತಕ; ಫೆರಿಯ ಹಮ್ಮಬ್ಬ
ಎಲ್ಲವನ್ನೂ ಹಕ್ಕಿ ಅನ್ನುತ್ತಾನೆ, ಜಗಳವಿಲ್ಲ.
ಅವುಗಳಲ್ಲೊಂದು ಒಂಟಿಕಾಲಿನದು.
ಜನವರಿಯಿಂದ ಕಂಡಿದ್ದೇನೆ, ಬಲೆಯ ನೈಲಾನು ಕೊಯ್ದಿರಬೇಕು.
ತೂಕದ ಪುಸ್ತಕದ ಅಂಚಿನಲ್ಲಿ ವಾರವಾರವೂ
ಪೆನ್ಸಿಲಿನಲ್ಲಿ ಬರೆದಿದ್ದೇನೆ:
ಒಂಟಿಕಾಲು, ಹಾಜರ್.

ಆಸೆಗೆ ಮುನ್ನೂರನ್ನೇ ಮೊದಲು ಹಾಕಿದೆ.
ಕಣ್ಣಿಟ್ಟರೆ ಬರೀ ನೀರು, ಬರೀ ಮರಳು, ಮತ್ತೆ ನೀರು.
ಚಾಪೆಯ ತೂತಿನಲ್ಲಿ ಊರು ಹುಡುಕಿದ ಹಾಗೆ.
ಸಿಕ್ಕಿತು ಕೊನೆಗೆ. ಅಬ್ಬ,
ಕೊಕ್ಕಿನ ತುದಿಯ ಹನಿ ಕೂಡ.
ಕತ್ತಲಿಗೆ ಚಿತ್ರದ ತುಂಬ ರವೆ ಉದುರಿತ್ತು, ಇರಲಿ,
ಕಾಲು ಮಾತ್ರ ಸ್ಪಷ್ಟ:
ಒಂದೇ.
ಹದಿನೇಳು ಚಿತ್ರ, ಹದಿನೇಳರಲ್ಲೂ ಒಂದೇ.

ಎಂಟಕ್ಕೆ ಕೊಡೆಯ ಮರೆಯಲ್ಲಿ ಲೆನ್ಸು ಬದಲಿಸಿದೆ,
ಗಾಳಿಗೆ ಬೆನ್ನು ಕೊಟ್ಟು, ಬಾಲೆಯ ಬಟ್ಟೆ ಬದಲಿಸಿದ ಹಾಗೆ.
ಇನ್ನೂರರಲ್ಲಿ ಹಕ್ಕಿ ಅಕ್ಕಿಕಾಳು.
ಪೊರ್ಬುಗಳ ಮಾತು ನೆನಪಾಗಿ
ಹೊಟ್ಟೆ ಮೇಲೆ ಮಲಗಿ ತೆವಳಿದೆ.
ಮೊಣಕೈ, ಕ್ಯಾಮೆರಾ, ಮೊಣಕೈ.
ಕುರ್ತಾದ ಜೇಬಿಗೆ ಅಳಿವೆ ಬಂತು.
ಏಡಿಯೊಂದು ನನ್ನನ್ನು ನೋಡಿ ದಾರಿ ಬಿಟ್ಟಿತು.
ಹಮ್ಮಬ್ಬ ದೂರದಿಂದ ಕೂಗಿದ,
ಎಂತ ಅಕ್ಕಾ, ಬಿದ್ದಿರಾ?

ಅರ್ಧ ಗಂಟೆ. ಇನ್ನು ಇಪ್ಪತ್ತು ಹೆಜ್ಜೆ.
ಗುಂಪು ಒಮ್ಮೆ ಎದ್ದು ಕೂತಿತು.
ಒಂಟಿಕಾಲಿನದು ಏಳಲಿಲ್ಲ.
ನನ್ನ ಕಡೆ ತಿರುಗಿ, ಆಕಳಿಸಿದ ಹಾಗೆ ಕೊಕ್ಕು ತೆರೆದು,
ಹೊಟ್ಟೆಯ ಗರಿಯೊಳಗಿಂದ
ಇನ್ನೊಂದು ಕಾಲು ತೆಗೆದು
ತಲೆ ಕೆರೆದುಕೊಂಡಿತು.

ಶಟರು ಒತ್ತುವುದು ಮರೆತೆ.
ಮೂರು ತಿಂಗಳ ಕನಿಕರ, ನೋಡಿ,
ಬುಟ್ಟಿ ಕಳೆದು ತೂಗಿದರೆ
ಉಳಿಯುವುದು ಎಂತ?

ಹತ್ತಕ್ಕೆ ಮರಳು ಕಾದು ಗಾಳಿ ಕುಣಿಯತೊಡಗಿತು.
ಆಮೇಲೆ ಯಾವ ಗಾಜೂ ಒಂದೇ.
ಹಮ್ಮಬ್ಬನ ಹತ್ತಿರ ನೀರು ಕೇಳಿ ಕುಡಿದೆ.

ಸೋಮವಾರ ಸಂಜೆ ಎರಡನ್ನೂ ಮೇಜಿನ ಮೇಲಿಟ್ಟೆ.
ಇನ್ನೂರು, ಅಂದೆ.
ಈಗ ದುಡ್ಡಿಲ್ಲ. ಬೋಟು ಜೂನಿಗೆ ದಡಕ್ಕೆ,
ಸಂಬಳ ಆಮೇಲೆ ಅರ್ಧ. ಆಗಸ್ಟ್‌ವರೆಗೆ ಮಾರಬೇಡಿ.
ಆಗಸ್ಟಿಗೆ ನಿಮ್ಮ ಹಕ್ಕಿ ಇರುತ್ತದಾ?
ಇಲ್ಲ. ಆ ಮರಳೂ ಇರುವುದಿಲ್ಲ.
ಪೊರ್ಬುಗಳು ಮತ್ತೇನೂ ಕೇಳದೆ
ಹುಡ್ಡಿನ ಒಳಗೆ ಬಟ್ಟೆ ಆಡಿಸಿದರು,
ಬೆರಳ ತುದಿಗೆ ಏನೋ ಅಂಟಿತು,
ಟ್ಯೂಬ್‌ಲೈಟಿಗೆ ಹಿಡಿದರು.
ಬೂತಾಯಿಯ ಒಂದು ಹುರುಪೆ.

ಇದನ್ನು ಸೇರಿಸಿ ತೂಗಿದ್ರಾ, ಅಂದರು,
ಇದು ಬಿಟ್ಟಾ?