ಉತ್ತರದ ಕಿಟಕಿ

ಬಣ್ಣದಂಗಡಿಯಲ್ಲಿ ಬೂದು ಕೇಳಿದೆ.
ಯಾವ ಬೂದು, ಅಂದ ಅಂಗಡಿಯವನು,
ಪಾರಿವಾಳದ್ದೋ, ಒಲೆಯದ್ದೋ, ನವೆಂಬರಿನದ್ದೋ?
ಯಾವುದರದ್ದೂ ಅಲ್ಲದ್ದು, ಅಂದೆ.
ಅವನು ನಗಲಿಲ್ಲ. ವೂಚ್ ಪಟ್ಟಣದಲ್ಲಿ
ದುಡ್ಡು ಕೊಟ್ಟು ಬೂದು ಕೊಳ್ಳುವವರು ಕಮ್ಮಿ,
ಅದು ಆಕಾಶದಿಂದ ಬಿಟ್ಟಿ ಸಿಗುತ್ತದೆ.

ಮೂರು ಡಬ್ಬ ತಪ್ಪಿದವು.
ಒಂದು ಒಣಗಿದ ಮೇಲೆ ಹಸಿರಿಗೆ ತಿರುಗಿತು,
ಒಂದಕ್ಕೆ ನೇರಳೆಯ ಚಾಳಿ.
ನಾಲ್ಕನೆಯದು ಕೊನೆಗೂ ಸುಮ್ಮನೆ ಕೂತಿತು ಗೋಡೆಯ ಮೇಲೆ,
ಜಗಳದಲ್ಲಿ ಯಾರ ಕಡೆಗೂ ವಾಲದವನ ಹಾಗೆ.

ಕಿಟಕಿಗೆ ಕಪ್ಪು ಪರದೆ, ಎರಡು ಪದರ.
ತೆರೆಯ ಬೆನ್ನಿಗೆ ಒಂದು ಮಂದ ದೀಪ,
ಆರೂವರೆ ಸಾವಿರ ಕೆಲ್ವಿನ್:
ಮೋಡ ಕವಿದ ಮಧ್ಯಾಹ್ನದ ಬಿಳುಪು.
ಕೆಂಪು ಹಿಡಿಯ ಕತ್ತರಿಯನ್ನೂ ಆಚೆಗಿಟ್ಟೆ,
ನನ್ನ ಹಸಿರು ಸ್ವೆಟರ್ ಹೊರಬಾಗಿಲ ಮೊಳೆಗೆ.
ಕಣ್ಣು ಬಲು ಬೇಗ ಒಗ್ಗಿಹೋಗುವ ಪ್ರಾಣಿ;
ಹಳದಿ ಬಲ್ಬಿನಡಿ ಹತ್ತು ನಿಮಿಷ ಕೂರಿಸಿದರೆ
ಹಳದಿಯನ್ನೇ ಬಿಳಿ ಎಂದು ಆಣೆ ಮಾಡುತ್ತದೆ.

ಚಿತ್ರ ಒಂದು ನದಿಯದು.
ಬಟ್ಟೆ ಗಿರಣಿಗಳ ಕಾಲದಲ್ಲಿ
ದಿನಕ್ಕೊಂದು ಬಣ್ಣವಾಗಿ ಹರಿದು
ಈಗ ರಸ್ತೆಯಡಿ ಕೊಳವೆಯಲ್ಲಿ ಮಲಗಿದ ನದಿ.
ರೀಲು ಮಾಸಿತ್ತು. ಆ ಕೆಂಪು ಎಷ್ಟು ಕೆಂಪೆಂದು
ಬಲ್ಲವರು ಒಬ್ಬರೇ ಉಳಿದಿದ್ದರು: ಗೆನೊವೇಫಾ,
ಬಣ್ಣದ ಮನೆಯಲ್ಲಿ ಮೂವತ್ತೊಂದು ವರ್ಷ.

ಬಂದರು. ತಲೆಗೆ
ಕಿತ್ತಳೆ ಹೂಗಳ ರೇಷ್ಮೆ ಸ್ಕಾರ್ಫ್.
ನನ್ನ ಗೋಡೆ ಕೂಡಲೇ ನಾಚಿಕೊಂಡಿತು.
ತೆಗೆಯಿರಿ ಎನ್ನಲು ಬಾಯಿ ಬರಲಿಲ್ಲ;
ಅವರು ಆಸ್ಪತ್ರೆಯಿಂದ ಬಂದು ತಿಂಗಳಾಗಿರಲಿಲ್ಲ.

ಸುತ್ತ ನೋಡಿದರು. ಗೋಡೆ, ಪರದೆ, ದೀಪ,
ನನ್ನ ಮಾಸಲು ಅಂಗಿ.
"ನಮ್ಮಲ್ಲಿ ಉತ್ತರದ ಕಿಟಕಿ ಇತ್ತು," ಅಂದರು,
"ನಮೂನೆ ಹೋಲಿಸುವುದು ಅಲ್ಲೇ, ಬಿಸಿಲು ಸುಳಿಯದ ಕಡೆ.
ತುಟಿಗೆ ಬಣ್ಣ ಹಚ್ಚಿದ ಹುಡುಗಿಯರಿಗೆ
ಆ ಮೇಜಿನ ಹತ್ತಿರ ಜಾಗವಿಲ್ಲ.
ಮದುವೆಯ ಮಾರನೇ ದಿನ ನನ್ನನ್ನೂ ಓಡಿಸಿದ್ದರು."
ಹೇಳುತ್ತಲೇ ಗಂಟು ಬಿಚ್ಚಿ
ಸ್ಕಾರ್ಫ್ ಮಡಿಸಿ ಚೀಲದೊಳಗಿಟ್ಟರು.
ಹೊಸ ಕೂದಲು, ಅರ್ಧ ಬೆರಳಗಲ.
ನಾಲ್ಕನೆಯ ಡಬ್ಬದ್ದೇ ಬಣ್ಣ.

ಐದು ನಿಮಿಷ ಇಬ್ಬರೂ ಸುಮ್ಮನೆ ಕೂತೆವು,
ಕಣ್ಣು ಬೀದಿಯನ್ನು ಮರೆಯಲಿ ಎಂದು.
ಆಮೇಲೆ ನದಿ ಬಿಟ್ಟೆ.

ಕೆಂಪು ಜಾಸ್ತಿ, ಅಂದರು. ಇಳಿಸಿದೆ.
ಇನ್ನೂ. ಇಳಿಸಿದೆ.
"ಹಾಂ, ಇದು ಗುರುವಾರದ್ದು. ಶನಿವಾರ ಕಂದು ಬೆರೆಯುತ್ತಿತ್ತು,
ತೊಟ್ಟಿ ತೊಳೆಯುತ್ತಿದ್ದೆವಲ್ಲ."
ಒಂದು ಕೂದಲೆಳೆಯಷ್ಟು ತಿರುಗಿಸಿದೆ.
ಹೀಗಾ, ಅಂದೆ.
ಉತ್ತರವಿಲ್ಲ. ತಿರುಗಿ ನೋಡಿದರೆ
ಮೂಗಿಗೆ ಅಡ್ಡ ಕೈ ಹಿಡಿದು ಕೂತಿದ್ದರು.